ಕೈಯಲ್ಲಿ ರೊಕ್ಕ ಇಲ್ಲ, ಕೆಲಸ ಬರುತ್ತೆ: ನಮ್ಮ ಓಣಿಯ ಮುಯ್ಯಿ ವಹಿ ಮತ್ತು ಎರಡು ತಕರಾರು

ಹೊಲಿಗೆ ಅಕ್ಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ನಾನು ಮನೆಯಲ್ಲೇ ಕೂತು ಜೀನ್ಸ್ ಹೊಲಿಯುವವಳು. ಪೀಸ್ ಲೆಕ್ಕದ ಕೆಲಸ. ಕಟಿಂಗ್ ಆದ ಬಟ್ಟೆ ಬರುತ್ತೆ, ಹೊಲಿದು ಕೊಟ್ಟರೆ ವಾರಕ್ಕೊಮ್ಮೆ ದುಡ್ಡು. ಹೋದ ದೀಪಾವಳಿ ಆದ ಮೇಲೆ ಆರ್ಡರ್ ಇಳಿಯಿತು. ವಾರಕ್ಕೆ ಆರು ದಿನ ಓಡುತ್ತಿದ್ದ ಮಷಿನ್ ಎರಡು ದಿನಕ್ಕೆ ಬಂತು. ಇಂಥ ದಿನ ನಮಗೆ ಹೊಸದೇನಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿದಾಗ ನಮ್ಮ ಮನೆಯವರು ಅದಿರು ಲಾರಿ ಓಡಿಸುತ್ತಿದ್ದರು. ಲಾರಿ ಬೇವಿನ ಗಿಡದ ಕೆಳಗೆ ನಿಂತಿದ್ದು ನಿಂತೇ ಬಿಟ್ಟಿತು. ಆಗ ಸಾಲ ಮಾಡಿದೆವು. ಈ ಸಲ ಸಾಲ ಬೇಡ ಅಂತ ಇಬ್ಬರೂ ಆಣೆ ಹಾಕಿಕೊಂಡಿದ್ದೇವೆ.

ಶುರುವಾಗಿದ್ದು ಸಣ್ಣದರಿಂದ. ನನ್ನ ಮಷಿನ್ ಮೋಟಾರ್ ಸುಟ್ಟಿತು. ಎದುರು ಮನೆ ಹುಡುಗ ವೈರಿಂಗ್ ಕೆಲಸದವನು, ಬಂದು ಸರಿ ಮಾಡಿದ. ಎಷ್ಟು ಕೊಡಲಿ ಅಂದೆ. "ಯಕ್ಕಾ, ನಮ್ಮವ್ವಂದು ಎರಡು ಜಂಪರ್ ಹೊಲಿದು ಕೊಡು, ರೊಕ್ಕ ಯಾರು ಕೇಳ್ಯಾರ" ಅಂದ. ಅಲ್ಲಿಂದ ಬೆಳೆದು ಈಗ ಒಂಬತ್ತು ಮನೆ ಆಗಿದೆ. ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ, ಅಂಥ ಉದ್ದನೆಯ ವಹಿ ತಂದೆವು. ಮನೆಗೊಂದು ಹಾಳೆ. ಎಡಗಡೆ ಕೊಟ್ಟ ಗಂಟೆ, ಬಲಗಡೆ ತಗೊಂಡ ಗಂಟೆ. ಯಾರ ಗಂಟೆಯಾದರೂ ಒಂದೇ ಬೆಲೆ. ಸಾಮಾನಿನ ಖರ್ಚು ಮಾತ್ರ ರೊಕ್ಕದಲ್ಲಿ. ವೈರ್, ದಾರ, ಸಿಮೆಂಟು, ಪೆಟ್ರೋಲು, ಇವುಗಳನ್ನು ಗಂಟೆಯಲ್ಲಿ ಯಾರೂ ಕೊಡಲ್ಲ.

ನಾಲ್ಕು ತಿಂಗಳಾಯಿತು. ಪಿಯುಸಿ ಓದುವ ಹುಡುಗಿ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಒಬ್ಬರು ಆನ್‌ಲೈನ್ ಅರ್ಜಿ ತುಂಬಿ ಕೊಡುತ್ತಾರೆ. ಮೂಲೆ ಮನೆಯ ಅಜ್ಜಿ ರೊಟ್ಟಿ ಬಡಿದು ಕೊಡುತ್ತಾರೆ. ಗೌಂಡಿ ಕೆಲಸದವರು ಒಬ್ಬರಿದ್ದರು.

ಈಗ ತಕರಾರು. ಒಂದು, ಅಜ್ಜಿಗೆ ಗಂಟೆಗೆ ಇಪ್ಪತ್ತು ರೊಟ್ಟಿ ಆಗುತ್ತೆ, ಪಕ್ಕದ ಮನೆ ಸೊಸೆಗೆ ಮೂವತ್ತೈದು. "ಅಜ್ಜಿಗೂ ಒಂದು ಗಂಟೆ, ನನಗೂ ಒಂದು ಗಂಟೆನಾ?" ಅಂತ ಸೊಸೆಯ ಮುನಿಸು. ಎರಡು, ಗೌಂಡಿ ಮನೆಯವರು ಕೆಲಸ ಸಿಗದೆ ಬೆಂಗಳೂರಿಗೆ ಹೋದರು. ಅವರ ಹಾಳೆಯಲ್ಲಿ 11 ಗಂಟೆ ಬಾಕಿ ಇದೆ, ಅಂದರೆ ಅವರೇ ಕೊಡಬೇಕು. ಬಾಕಿಯನ್ನು ಏನು ಮಾಡೋದು? ನಿಮ್ಮ ಕಡೆ ಯಾರಾದರೂ ಹೀಗೆ ಮಾಡಿದ್ದೀರಾ?

ನಿವೃತ್ತ ಮಾಸ್ತರ್, ಕೊಪ್ಪಳ

ತಂಗಿ, ಬಹಳ ಖುಷಿ ಆಯಿತು. ಇದಕ್ಕೆ ನೀವೇ ಶೀರ್ಷಿಕೆಯಲ್ಲಿ ಸರಿಯಾದ ಹೆಸರು ಹಾಕಿದ್ದೀರಿ. ಮುಯ್ಯಾಳು ಅಂತ ನಾವು ಚಿಕ್ಕವರಿದ್ದಾಗ ದಿನಾ ಕೇಳುತ್ತಿದ್ದ ಮಾತು. ಇವತ್ತು ನಿನ್ನ ಹೊಲದ ಕಳೆಗೆ ನಮ್ಮ ಮನೆಯಿಂದ ಇಬ್ಬರು, ನಾಡಿದ್ದು ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಇಬ್ಬರು. ಯಲಬುರ್ಗಾ ಕಡೆ ಎರೆಹೊಲ. ಹದ ಸಿಕ್ಕಿದ ನಾಲ್ಕೇ ದಿನದಲ್ಲಿ ಬಿತ್ತನೆ ಮುಗಿಯಬೇಕು. ನಮ್ಮಪ್ಪನ ಹತ್ತಿರ ಒಂದೇ ಎತ್ತು ಇತ್ತು. ಕೆಳಗಿನ ಮನೆಯವರದ್ದೂ ಒಂದೇ. ಎರಡೂ ಕೂಡಿಸಿ ಜೋಡಿ ಮಾಡಿ, ಎರಡು ದಿನ ಅವರದು, ಎರಡು ದಿನ ನಮ್ಮದು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಎರಡು ಮನೆಯವರು ಮಾತು ಬಿಟ್ಟ ವರ್ಷವೂ ಎತ್ತುಗಳು ಮಾತ್ರ ಜೋಡಿಯಾಗಿಯೇ ಹೋದವು!

ಬಾಕಿ ಬಗ್ಗೆ: ನಮ್ಮವ್ವ ಅಡುಗೆ ಮನೆ ಗೋಡೆಗೆ ಇದ್ದಿಲಿನಿಂದ ಗೀಟು ಹಾಕುತ್ತಿದ್ದಳು. ಓದು ಬರುತ್ತಿರಲಿಲ್ಲ, ಲೆಕ್ಕ ತಪ್ಪುತ್ತಿರಲಿಲ್ಲ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಇವತ್ತಿಗೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ, ಅಲ್ವಾ? ಮಗನ ಮದುವೆಗೆ ಬಂದಿದ್ದನ್ನು ಅವರ ಮೊಮ್ಮಗಳ ಮದುವೆಗೆ ತೀರಿಸುತ್ತೇವೆ. 11 ಗಂಟೆ ಹಾಗೇ ಇರಲಿ, ಹೊಡೆದು ಹಾಕಬೇಡಿ.

ವೈರ್‌ಮ್ಯಾನ್, ಗಂಗಾವತಿ

ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಎದುರು ಮನೆ ಹುಡುಗನ ಪರವಾಗಿ ಕೇಳ್ತೀನಿ. ಒಂದು ಗಂಟೆಗೆ ಒಂದು ಗಂಟೆ ಅಂದ್ರೆ ಹೇಗೆ? ನಾನು ಐದು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ಚಹಾ ತಂದು ಕೊಟ್ಟು ಮೋಟಾರ್ ರಿವೈಂಡಿಂಗ್ ಕಲಿತವನು. ಒಂದು ಕರೆಗೆ ಹೋದ್ರೆ ಇನ್ನೂರು ಮುನ್ನೂರು ಸಿಗುತ್ತೆ. ಉದ್ಯೋಗ ಖಾತ್ರಿ ಕೂಲಿ 2025-26ಕ್ಕೆ ದಿನಕ್ಕೆ 370 ಇತ್ತು. ಎಂಟು ಗಂಟೆಗೆ ಭಾಗ ಮಾಡಿದ್ರೆ 46 ರೂಪಾಯಿ ಚಿಲ್ಲರೆ. ನನ್ನ ಗಂಟೆಯೂ ಅಷ್ಟೇ ಅಂದ್ರೆ ನಾನು ಆ ವಹಿಯಲ್ಲಿ ಯಾಕಿರಬೇಕು? ಇನ್ನೊಂದು, ಬೇಸಿಗೆ ಬಂತು ಅಂದ್ರೆ ಒಂಬತ್ತು ಮನೆಯವರೂ ಫ್ಯಾನ್ ಕೆಟ್ಟಿದೆ ಅಂತ ನನ್ನನ್ನೇ ಕರೀತಾರೆ. ನನಗೆ ಅಷ್ಟು ರೊಟ್ಟಿ, ಅಷ್ಟು ಜಂಪರ್ ಬೇಕಾ?

ಹೊಲಿಗೆ ಅಕ್ಕ, ಬಳ್ಳಾರಿ

ತಮ್ಮಾ, ನಿನ್ನ ಮಾತಲ್ಲಿ ಸುಳ್ಳಿಲ್ಲ. ನಮ್ಮ ಹುಡುಗನಿಗೆ ಮೊದಲ ತಿಂಗಳೇ 19 ಗಂಟೆ ಜಮಾ ಆಗಿತ್ತು, ಖರ್ಚು ಮೂರು. ಅವನವ್ವನೇ ಬಂದು ಗದರಿದರು. ಆಮೇಲೆ ಒಂದು ಕಟ್ಟು ಹಾಕಿಕೊಂಡೆವು: ಒಬ್ಬರನ್ನು ತಿಂಗಳಿಗೆ ನಾಲ್ಕು ಗಂಟೆಗಿಂತ ಜಾಸ್ತಿ ಕರೆಯುವಂತಿಲ್ಲ. ಅದಕ್ಕಿಂತ ಮೇಲಾದರೆ ಎಲ್ಲರಂತೆ ರೊಕ್ಕ ಕೊಟ್ಟು ಕರೆಯಬೇಕು. ಕೆಲಸ ಇಲ್ಲದ ದಿನವಷ್ಟೇ ಅವನು ವಹಿಗೆ ಬರುತ್ತಾನೆ. ರೊಕ್ಕದ ಕರೆ ಬಂದರೆ ಹೋಗು ಅಂತ ನಾವೇ ಕಳಿಸುತ್ತೇವೆ. ಖಾಲಿ ಕೂತ ಗಂಟೆಗೆ ಪೇಟೆಯಲ್ಲಿ 300 ಅಲ್ಲ, ಸೊನ್ನೆ. ಅದನ್ನು ತಾನೇ ನಾವು ಕೂಡಿಸುತ್ತಿರೋದು?

ಅವನ ತಂಗಿಯ ಮದುವೆ ಬಟ್ಟೆ ಎಲ್ಲಾ ನಾನೇ ಹೊಲಿದೆ. ಅವನ ಜಮಾದಲ್ಲಿ 12 ಗಂಟೆ ಅಲ್ಲೇ ಹೋಯಿತು.

ಕಾಲುವೆ ಕೊನೆಯ ರೈತ, ಮಾನ್ವಿ

ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಬಾಲದಲ್ಲಿ ಇರುವವನು. ಮೇಲಿನವರು ಕುಡಿದು ಬಿಟ್ಟರೆ ನಮಗೆ. 2023ರ ಬರದಲ್ಲಿ ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಆ ವರ್ಷ ಎರಡನೇ ಬೆಳೆಗೆ ನೀರೇ ಇರಲಿಲ್ಲ. ಆಳಿಗೆ ಕೊಡಲು ರೊಕ್ಕ ಇಲ್ಲದೆ ನಾಲ್ಕು ಮನೆಯವರು ಹತ್ತಿ ಬಿಡಿಸೋದನ್ನು ಮುಯ್ಯಿ ಮಾಡಿಕೊಂಡೆವು. ಚೆನ್ನಾಗಿ ನಡೆಯಿತು. ಅದೇ ನಾಲ್ಕು ಮನೆ ಭತ್ತದ ನಾಟಿಗೆ ಮುಯ್ಯಿ ಮಾಡಲು ಹೋಗಿ ಜಗಳ ಆಡಿದೆವು.

ಯಾಕೆ ಹೀಗಾಯಿತು ಅಂತ ಬಹಳ ಯೋಚಿಸಿದ್ದೇನೆ. ಹತ್ತಿ ಕಾಯುತ್ತೆ. ನನ್ನ ಹೊಲದಲ್ಲಿ ಈ ವಾರ ಒಡೆದರೆ ನಿಮ್ಮದು ಮುಂದಿನ ವಾರ. ಮೂರು ನಾಲ್ಕು ಸಲ ಬಿಡಿಸೋದು ಬೇರೆ. ಮುಯ್ಯಿಗೆ ಹೇಳಿ ಮಾಡಿಸಿದ ಬೆಳೆ. ಭತ್ತ ಹಾಗಲ್ಲ. ಕಾಲುವೆಗೆ ನೀರು ಬಂದ ದಿನ ಎಲ್ಲರ ಗದ್ದೆಗೂ ಒಂದೇ ಸಲ ಆಳು ಬೇಕು. ನಾನು ನಿಮ್ಮ ಗದ್ದೆಗೆ ಮೊದಲು ಬಂದರೆ ನನ್ನ ಸಸಿ ಬಲಿತು ಹೋಗುತ್ತೆ. ಅದಕ್ಕೇ ನಮ್ಮ ಕಡೆ ನಾಟಿ ಅಂದರೆ ಎಕರೆ ಲೆಕ್ಕದ ಗುಂಪು, ಕೊಯ್ಲು ಅಂದರೆ ಮಷಿನ್. ಜನ ಕೆಟ್ಟರು, ಅದಕ್ಕೆ ಮುಯ್ಯಿ ಹೋಯಿತು ಅಂತ ಹಿರಿಯರು ಹೇಳುತ್ತಾರೆ. ನನಗೆ ಹಾಗನ್ನಿಸಲ್ಲ. ನೀರಾವರಿ ಬಂದು ಎಲ್ಲರ ಅವಸರವೂ ಒಂದೇ ದಿನಕ್ಕೆ ಬಂತು.

ಅಕ್ಕಾವ್ರೆ, ನಿಮ್ಮ ಓಣಿಯಲ್ಲಿ ಒಬ್ಬರು ಹೊಲಿಗೆ, ಒಬ್ಬರು ವೈರು, ಒಬ್ಬರು ರೊಟ್ಟಿ. ಅದಕ್ಕೇ ನಡೀತಿದೆ. ಒಂಬತ್ತೂ ಮನೆ ಜೀನ್ಸ್ ಹೊಲಿಯುವವರೇ ಆಗಿದ್ದರೆ?

ಹೊಲಿಗೆ ಅಕ್ಕ, ಬಳ್ಳಾರಿ

ಆಗಿದ್ದರೆ ಒಂಬತ್ತು ಮನೆಯಲ್ಲೂ ಪ್ಯಾಂಟು ಜಾಸ್ತಿ, ರೊಟ್ಟಿ ಕಡಿಮೆ 😄 ನಿಜ ಅಣ್ಣ, ಇದು ಹೊಳೆದಿರಲಿಲ್ಲ.

ಎಂಎ ಓದ್ತಾ ಇದೀನಿ

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ಬಳ್ಳಾರಿಯಲ್ಲೇ. ಹೊರಗಿನ ಮೂರು ಕಥೆ ಹೇಳ್ತೀನಿ, ನಿಮ್ಮ ವಹಿಗೆ ಹತ್ತಿರದವು.

ಜಪಾನಿನ ಒಸಾಕಾದಲ್ಲಿ 1973ರಲ್ಲಿ ತೆರುಕೊ ಮಿಜುಶಿಮಾ ಅನ್ನುವ ಮಹಿಳೆ ಗಂಟೆ ಲೆಕ್ಕದ ಬ್ಯಾಂಕ್ ಶುರು ಮಾಡಿದರು. ಹೆಚ್ಚಿನವರು ಗೃಹಿಣಿಯರು. ವಯಸ್ಸಿದ್ದಾಗ ಬೇರೆಯವರ ಮಗು, ಮುದುಕರನ್ನು ನೋಡಿಕೊಂಡು ಗಂಟೆ ಕೂಡಿಡೋದು, ತನಗೆ ವಯಸ್ಸಾದಾಗ ತೆಗೆದುಕೊಳ್ಳೋದು. ಆಕೆ ಯುದ್ಧದ ಕಾಲದ ಹಸಿವು ನೋಡಿದವರು. ಹಣದ ಬೆಲೆ ಬಿದ್ದು ಹೋಗಬಹುದು, ಒಂದು ಗಂಟೆ ಯಾವತ್ತೂ ಒಂದು ಗಂಟೆಯೇ ಅನ್ನೋದು ಅವರ ಲೆಕ್ಕ. ಅಮೆರಿಕದಲ್ಲಿ ಎಡ್ಗರ್ ಕಾನ್ ಎಂಬ ವಕೀಲರು 1980ರಲ್ಲಿ ಹೃದಯಾಘಾತ ಆಗಿ ಮಲಗಿದ್ದಾಗ ಇದೇ ತರಹದ ಯೋಚನೆ ಮಾಡಿದರು. ತಾನು ಯಾರಿಗೂ ಬೇಡವಾದೆ ಅನ್ನೋ ಸಂಕಟದಿಂದ ಹುಟ್ಟಿದ್ದು ಅದು. ಅವರ ಪದ್ಧತಿಯಲ್ಲೂ ಡಾಕ್ಟರ್ ಗಂಟೆ, ಅಡುಗೆಯವಳ ಗಂಟೆ ಒಂದೇ. ಗಂಗಾವತಿ ಅಣ್ಣ ಕೇಳಿದ ಪ್ರಶ್ನೆ ಅಲ್ಲೂ ಇವತ್ತಿನವರೆಗೆ ಮುಗಿದಿಲ್ಲ.

ಎರಡನೆಯದು ಆಸ್ಟ್ರಿಯಾದ ವೋರ್ಗ್ಲ್ ಎಂಬ ಸಣ್ಣ ಊರು. 1932ರಲ್ಲಿ ಜನರಿಗೆ ಕೆಲಸ ಇಲ್ಲ, ಪುರಸಭೆಯಲ್ಲಿ ದುಡ್ಡಿಲ್ಲ. ಅಲ್ಲಿನ ಮೇಯರ್ ಊರಿನದೇ ಚೀಟಿ ಹೊರಡಿಸಿದ. ಅದರ ಮೇಲೆ ಪ್ರತಿ ತಿಂಗಳು ಶೇಕಡಾ 1ರಷ್ಟು ಬೆಲೆಯ ಸ್ಟಾಂಪ್ ಹಚ್ಚದಿದ್ದರೆ ಅದು ನಡೆಯಲ್ಲ. ಹಾಗಾಗಿ ಯಾರೂ ಕೂಡಿಡದೆ ಖರ್ಚು ಮಾಡಿದರು. ರಸ್ತೆ ಆಯಿತು, ಸೇತುವೆ ಆಯಿತು. ಮರುವರ್ಷ ಅಲ್ಲಿನ ರಾಷ್ಟ್ರೀಯ ಬ್ಯಾಂಕ್ ನಿಲ್ಲಿಸಿಬಿಟ್ಟಿತು, ನೋಟು ಹೊರಡಿಸುವ ಹಕ್ಕು ತನ್ನದು ಅಂತ.

ಮೂರನೆಯದು ಸೋತ ಕಥೆ, ಅದೇ ಮುಖ್ಯ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಹತ್ತಿರ ಬೆರ್ನಾಲ್‌ನಲ್ಲಿ 1995ರಲ್ಲಿ ಇಪ್ಪತ್ತು ಚಿಲ್ಲರೆ ಜನ ಸೇರಿ ವಿನಿಮಯ ಕೂಟ ಮಾಡಿದರು. 2001ರಲ್ಲಿ ದೇಶದ ಬ್ಯಾಂಕುಗಳು ಕೈ ಎತ್ತಿದಾಗ ಲಕ್ಷಾಂತರ ಜನ ಇಂಥ ಕೂಟಗಳಿಗೆ ನುಗ್ಗಿದರು. ಲೆಕ್ಕಕ್ಕೆ ಚೀಟಿ ಬಂತು, ಚೀಟಿಗೆ ನಕಲಿ ಬಂತು, 2002 ಮುಗಿಯುವುದರೊಳಗೆ ಬಹುಪಾಲು ಕುಸಿಯಿತು. ಅಕ್ಕಾ, ನಿಮ್ಮ ವಹಿಯನ್ನು ಚೀಟಿ ಮಾಡಬೇಡಿ. ಹೆಸರು ಗೊತ್ತಿರುವ ಮನೆಗಳು ಇರುವವರೆಗೂ ವಹಿಯೇ ಗಟ್ಟಿ.

ಲಿಂಗಸುಗೂರು ಹುಡುಗಿ

ಎಲ್ಲರೂ ಮುಯ್ಯಿ ಮುಯ್ಯಿ ಅಂತ ಹಾಡುತ್ತಿದ್ದೀರಿ. ನಾನು ಸ್ವಲ್ಪ ಉಪ್ಪು ಹಾಕುತ್ತೇನೆ.

ಮಾಸ್ತರ್ರೇ, ನಿಮ್ಮ ಅಪ್ಪನಿಗೆ ಒಂದೆತ್ತಾದರೂ ಇತ್ತು, ಹೊಲ ಇತ್ತು. ಎತ್ತು ಇದ್ದವನಿಗೂ ಎತ್ತು ಇದ್ದವನಿಗೂ ಮುಯ್ಯಿ. ನಮ್ಮ ತಾತನಿಗೆ ಇದ್ದಿದ್ದು ಆಯ. ರೊಕ್ಕ ಇಲ್ಲದ ವ್ಯವಹಾರ ಅಂದರೆ ನಮ್ಮ ಓಣಿಗೆ ಅದೇ ನೆನಪು. ತಾತ ವರ್ಷವಿಡೀ ಗೌಡರ ಮನೆಗಳಿಗೆ ಕೆರ, ಮಿಣಿ, ಬಾರುಕೋಲು ಮಾಡಿಕೊಡಬೇಕು. ಸತ್ತ ದನ ಎಳೆಯಬೇಕು. ಅದಕ್ಕೆ ಗಂಟೆ ಬರೆದವರಿಲ್ಲ, ದಿನ ಬರೆದವರಿಲ್ಲ. ಸುಗ್ಗಿಯಲ್ಲಿ ಕಣದ ಆಚೆ ನಿಂತರೆ ಜೋಳ ಹಾಕುತ್ತಿದ್ದರು. ಎಷ್ಟು ಅನ್ನೋದು ಅವರ ಮರ್ಜಿ. ಬಡಿಗ, ಕಮ್ಮಾರ, ಅಗಸ, ಹಡಪದ, ಎಲ್ಲರಿಗೂ ಆಯ ಇತ್ತು, ಆದರೆ ಎಲ್ಲರೂ ಕಣದಲ್ಲಿ ಒಂದೇ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಒಲ್ಲೆ ಅನ್ನುವ ಹಕ್ಕು ಇರಲಿಲ್ಲ. ಇನ್ನು ಜೀತ ಅಂತೂ ಬಿಡಿ, 1976ರ ಕಾಯ್ದೆ ಬರುವವರೆಗೆ ಸಾಲಕ್ಕೆ ಮನುಷ್ಯನ ವರ್ಷಗಳೇ ವಡ್ಡಿ.

ನಮ್ಮಪ್ಪ ಪೇಟೆಗೆ ಬಂದು ಅಂಗಡಿ ಹಾಕಿ, ಜೋಡಿಗೆ ಇಷ್ಟು ರೂಪಾಯಿ ಅಂತ ಬೋರ್ಡ್ ಬರೆಸಿದ ದಿನ ತಾತ ಅದನ್ನು ನೋಡಲು ಬಸ್ಸು ಹತ್ತಿ ಬಂದಿದ್ದನಂತೆ. ರೊಕ್ಕ ಕೆಟ್ಟದ್ದು ಅಂತ ನೀವೆಲ್ಲ ಅಂದಾಗ ನನಗೆ ಆ ಬೋರ್ಡ್ ನೆನಪಾಗುತ್ತೆ.

ಅಕ್ಕಾ, ಸಿಟ್ಟಿನಿಂದ ಕೇಳುತ್ತಿಲ್ಲ. ನಿಮ್ಮ ಒಂಬತ್ತು ಮನೆ ಯಾರ್ಯಾರದು?

ನಿವೃತ್ತ ಮಾಸ್ತರ್, ಕೊಪ್ಪಳ

ಒಪ್ಪಿದೆ ತಾಯಿ. ನಮ್ಮ ಊರಿನ ಕಣದಲ್ಲೂ ಹಾಗೇ ಇತ್ತು. ನಾನು ಅದನ್ನು ನೋಡಿದ್ದೆ, ಬರೆಯುವಾಗ ಬಿಟ್ಟೆ.

ಹೊಲಿಗೆ ಅಕ್ಕ, ಬಳ್ಳಾರಿ

ತಂಗಿ, ನಿನ್ನ ಪ್ರಶ್ನೆ ಓದಿ ವಹಿ ತೆಗೆದು ನೋಡಿದೆ. ಒಂಬತ್ತರಲ್ಲಿ ಏಳು ಮನೆ ನಮ್ಮವರೇ. ಒಂದು ಮನೆ ಮುಸ್ಲಿಮರದು. ಗೌಂಡಿ ಮನೆಯವರೊಬ್ಬರೇ ಹಿಂದಿನ ಓಣಿಯವರು. ಬೇಕಂತ ಮಾಡಿದ್ದಲ್ಲ, ಬಾಗಿಲಿಗೆ ಬಾಗಿಲು ಎದುರಿದ್ದವರು ಸೇರಿದ್ದು. ಆದರೆ ಹಿಂದಿನ ಓಣಿಯಲ್ಲಿ ನರ್ಸಿಂಗ್ ಕಲಿತ ಹುಡುಗಿ ಇದ್ದಾಳೆ, ಅವಳನ್ನು ಯಾರೂ ಕೇಳಿಲ್ಲ. ಬಿಪಿ ನೋಡಿಸಲು ಆಟೋಗೆ ರೊಕ್ಕ ಕೊಟ್ಟು ಹೋಗುತ್ತಿದ್ದೇವೆ. ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ.

ರಾಯಚೂರು ಲೆಕ್ಕಪತ್ರ

ನಾನು ಜಿಎಸ್‌ಟಿ ಫೈಲ್ ಮಾಡುವ ಕೆಲಸದವನು, ಹಾಗಾಗಿ ಒಂದು ಒಣ ಮಾತು. ಜಿಎಸ್‌ಟಿ ಕಾಯ್ದೆಯ 7ನೇ ಕಲಮಿನಲ್ಲಿ 'ಪೂರೈಕೆ' ಅಂದರೆ ಏನು ಅಂತ ಇದೆ. ಮಾರಾಟದ ಜೊತೆಗೆ ವಿನಿಮಯವೂ ಅದರಲ್ಲಿ ಸೇರಿದೆ. ಆದರೆ ಅದು ವ್ಯಾಪಾರವಾಗಿ ನಡೆದಾಗ. ಸೇವೆ ಮಾತ್ರ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ಓಣಿಯ ರೊಟ್ಟಿಗೆ ಯಾರೂ ನೋಟಿಸ್ ಕೊಡಲ್ಲ, ನಿಶ್ಚಿಂತೆಯಿಂದಿರಿ. ನೋಂದಣಿ ಇರುವ ಅಂಗಡಿಯವರು ಅಂಗಡಿ ಕೆಲಸವನ್ನೇ ವಿನಿಮಯ ಮಾಡಿದರೆ ಮಾತ್ರ ತಮ್ಮ ಲೆಕ್ಕದವರನ್ನು ಕೇಳಿಕೊಳ್ಳಲಿ.

ಸಂಘದ ಸದಸ್ಯೆ, ಕುಷ್ಟಗಿ

ಇದೆಲ್ಲ ಸರಿ. ವಾರದ ಕಂತು ಬಂದಾಗ ಬಾಗಿಲಿಗೆ ಬಂದವನಿಗೆ ರೊಟ್ಟಿ ತೋರಿಸಲಾ? ಮೈಕ್ರೊ ಫೈನಾನ್ಸ್ ಕಿರುಕುಳಕ್ಕೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ಬೈಗುಳ ಕಡಿಮೆ ಆಗಿದೆ, ಕಂತು ಕಡಿಮೆ ಆಗಿಲ್ಲ. ಗ್ಯಾಸು, ಫೀಸು, ಕಂತು, ಮೂರಕ್ಕೂ ರೊಕ್ಕವೇ ಬೇಕು.

ಇನ್ನೊಂದು ಮಾತು ಕೇಳಬೇಕಿತ್ತು ಅಕ್ಕ. ಮಗು ನೋಡಿಕೊಳ್ಳೋದನ್ನು ನಿಮ್ಮ ವಹಿಯಲ್ಲಿ ಬರೀತೀರಾ? ನಮ್ಮಲ್ಲಿ ನಾವು ಐದು ಜನ ಹೆಂಗಸರು ಸರದಿ ಮೇಲೆ ಮಕ್ಕಳನ್ನು ನೋಡಿಕೊಂಡು ಹೊಲದ ಕೆಲಸಕ್ಕೆ ಹೋಗುತ್ತೇವೆ. ಗಂಡಸರು ಅದನ್ನು ಕೆಲಸ ಅನ್ನಲ್ಲ.

ಹೊಲಿಗೆ ಅಕ್ಕ, ಬಳ್ಳಾರಿ

ಬರೀತೀವಿ. ಅದಕ್ಕೂ ಜಗಳ ಆಗಿತ್ತು! "ಸುಮ್ನೆ ಕೂತು ಕೂಸು ನೋಡೋದಕ್ಕೂ ಗಂಟೆನಾ" ಅಂತ ಒಬ್ಬ ಯಜಮಾನರು ಕೇಳಿದರು. ಹಾಗಾದರೆ ಈ ಭಾನುವಾರ ನೀವೇ ಮೂರು ಕೂಸು ನೋಡಿ ಅಂದೆವು. ಒಂದೂವರೆ ಗಂಟೆಗೆ ಫೋನ್ ಬಂತು. ಅವತ್ತಿಂದ ಬರೀತೀವಿ.

ಕಂತಿನ ಮಾತು ನಿಜ. ವಹಿಯಿಂದ ಕಂತು ಕಟ್ಟಲು ಆಗಲ್ಲ. ನಮ್ಮ ಮನೆಯಲ್ಲಿ ಲೆಕ್ಕ ಹಾಕಿದೆ. ಟ್ಯೂಷನ್, ರಿಪೇರಿ, ಅರ್ಜಿ ತುಂಬಿಸೋದು, ಇಷ್ಟಕ್ಕೆ ತಿಂಗಳಿಗೆ ಸಾವಿರದ ಇನ್ನೂರರಷ್ಟು ರೊಕ್ಕ ಹೊರಗೆ ಹೋಗೋದು ನಿಂತಿದೆ. ಅಷ್ಟೇ. ಅದಕ್ಕಿಂತ ದೊಡ್ಡದು ಅಂತ ನಾನು ಹೇಳಲ್ಲ. ಆದರೆ ಆ ಸಾವಿರದ ಇನ್ನೂರು ಈಗ ಗ್ಯಾಸಿಗೆ, ಫೀಸಿಗೆ ಆಗುತ್ತೆ.

ಕಾಲುವೆ ಕೊನೆಯ ರೈತ, ಮಾನ್ವಿ

ರೊಟ್ಟಿ ತಕರಾರಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಹತ್ತಿಯಲ್ಲೂ ಇದೇ ಬಂದಿತ್ತು. ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ ಇರುತ್ತೆ, ಮುಯ್ಯಿ ಮಾತ್ರ ದಿನದ ಲೆಕ್ಕ. ಒಬ್ಬರ ಮನೆಯಿಂದ ಚುರುಕಿನ ಹುಡುಗಿ, ಇನ್ನೊಬ್ಬರ ಮನೆಯಿಂದ ಅರವತ್ತರ ಅತ್ತೆ. ಕಿಲೋ ತೂಗೋಣ ಅಂತ ನಾನೇ ಅಂದಿದ್ದೆ. ನಮ್ಮವ್ವ ಅಂದಳು: "ತೂಗಾಕ ಹತ್ತಿದ್ರ ಅದು ಕೂಲಿ ಆತು. ಕೂಲಿ ಆದ ಮ್ಯಾಲ ರೊಕ್ಕ ಕೊಡು." ಸುಮ್ಮನಾದೆ.

ವೈರ್‌ಮ್ಯಾನ್, ಗಂಗಾವತಿ

ಅವ್ವನ ಮಾತಿಗೆ ನನ್ನದೂ ಒಂದು ನಮಸ್ಕಾರ. ಆದ್ರೂ ರೊಟ್ಟಿ ಎಣಿಸಿ ಕೊಡೋ ಪದಾರ್ಥ, ಸೊಸೆ ಕೇಳಿದ್ದು ತಪ್ಪಲ್ಲ. ಬೇಕಿದ್ರೆ ರೊಟ್ಟಿಗೆ ಮಾತ್ರ ಇಪ್ಪತ್ತೈದಕ್ಕೆ ಒಂದು ಗಂಟೆ ಅಂತ ಮಾಡಿ.

ಅಂದ ಹಾಗೆ, ನಮ್ಮ ಕಾಂಪ್ಲೆಕ್ಸಿನಲ್ಲಿ ಮೊಬೈಲ್ ರಿಪೇರಿಯವನು, ಝೆರಾಕ್ಸಿನವನು, ನಾನು ಮೂವರಿದ್ದೇವೆ. ನಿನ್ನೆ ಅವನ ಇನ್ವರ್ಟರ್ ನೋಡಿಕೊಟ್ಟೆ, ಅವನು ನನ್ನ ಫೋನ್ ಡಿಸ್‌ಪ್ಲೇ ಹಾಕಿಕೊಟ್ಟ, ಸಾಮಾನಿನ ದುಡ್ಡಷ್ಟೇ ಕೊಟ್ಟೆ. ವಹಿ ಗಿಹಿ ಇಲ್ಲ. ಸುಮ್ನೆ ಹೇಳಿದೆ.

ಹೊಲಿಗೆ ಅಕ್ಕ, ಬಳ್ಳಾರಿ

ಎರಡು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ರೊಟ್ಟಿಗೆ ಎಣಿಕೆ ಮಾಡಲಿಲ್ಲ. ಮಾನ್ವಿಯ ಅವ್ವನ ಮಾತನ್ನು ನಮ್ಮ ಕಟ್ಟೆಯ ಮೇಲೆ ಓದಿ ಹೇಳಿದೆ. ಸೊಸೆ ನಕ್ಕಳು, ಆದರೆ ಒಪ್ಪಲಿಲ್ಲ. ಈಗ ಅವಳು ರೊಟ್ಟಿ ಬಿಟ್ಟು ಟ್ಯೂಷನ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಬಿಎ ಓದಿದವಳು ಅಂತ ನಮಗೆ ಗೊತ್ತೇ ಇರಲಿಲ್ಲ.

ಹಿಂದಿನ ಓಣಿಗೆ ನಾನು ಮತ್ತು ವೈರಿಂಗ್ ಹುಡುಗನ ಅವ್ವ ಹೋಗಿದ್ದೆವು. ನರ್ಸಿಂಗ್ ಹುಡುಗಿಯ ತಾಯಿ ನೀರು ಕೊಟ್ಟು ಕೂರಿಸಿದರು. "ನಮ್ಮನೆ ರೊಟ್ಟಿ ನಿಮ್ಮೋರು ತಿಂತಾರೇನು?" ಅಂತ ನೇರವಾಗಿ ಕೇಳಿದರು. ನಾವಿಬ್ಬರೂ ತಿಂತೀವಿ ಅಂದೆವು. ಎಲ್ಲರೂ ತಿಂತಾರೆ ಅಂತ ಹೇಳಲು ಬಾಯಿ ಬರಲಿಲ್ಲ. ಆ ಮನೆ, ಅದರ ಪಕ್ಕದ ಮನೆ ಎರಡೂ ಸೇರಿದವು. ನಮ್ಮ ಕಡೆಯ ಒಂದು ಮನೆ ವಹಿ ಬಿಟ್ಟಿತು. ಕಾರಣ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಅವರ ಹಾಳೆಯಲ್ಲಿ ಜಮಾ ಇದ್ದ ಎರಡು ಗಂಟೆಗೆ ಅವರ ಮಗಳ ಲಂಗ ಹೊಲಿದು ಕೊಟ್ಟು ಬಂದೆ.

ಇನ್ನು ಗೌಂಡಿ ಮನೆಯ ಬಾಕಿ. ಹೊಡೆದು ಹಾಕಿರಲಿಲ್ಲ. ಮೊನ್ನೆ ಆಕೆಯೇ ಬೆಂಗಳೂರಿಂದ ಫೋನ್ ಮಾಡಿದಳು. ಅತ್ತೆ ಇಲ್ಲೇ ಉಳಿದಿದ್ದಾರೆ, ಕಣ್ಣು ತೋರಿಸಲು ಕರೆದುಕೊಂಡು ಹೋಗುವವರಿಲ್ಲ. "ಮೊದಲೇ 11 ಐತಿ, ಹೆಂಗ ಕೇಳಲಿ ಯಕ್ಕಾ" ಅಂತ ಅಳುತ್ತಿದ್ದಳು. ನರ್ಸಿಂಗ್ ಹುಡುಗಿ ಜೊತೆಗೆ ಹೋಗಿ ಬಂದಳು, ಮೂರು ಗಂಟೆ ಹಿಡಿಯಿತು. ಹಾಳೆಯಲ್ಲಿ ಈಗ 14. ಯುಗಾದಿಗೆ ಬರುತ್ತಾರಂತೆ. ಮಳೆ ಬರುವುದರೊಳಗೆ ಮಾಳಿಗೆ ಸರಿ ಮಾಡಿಸಬೇಕು ಅಂತ ನಾಲ್ಕು ಮನೆಯವರು ಈಗಲೇ ಗೌಂಡಿಯ ಹೆಸರಿನ ಮುಂದೆ ಬರೆಸಿದ್ದಾರೆ. ನಾನು ಐದನೆಯವಳು.